ಅಕ್ಕನ ಕೀಬೋರ್ಡ್

ಬೆರಳುಗಳು ನೋಯುತ್ತವೆ ಎಂದು ಅಕ್ಕ ಎರಡು ವರ್ಷದಿಂದ ಹೇಳುತ್ತಿದ್ದರೂ ನಾನು ಅವಳ ಕೀಬೋರ್ಡ್ ಬದಲಿಸಲಿಲ್ಲ. ಕಾರಣ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅದು ಜೋರಾಗಿ ಸಪ್ಪಳ ಮಾಡುತ್ತಿತ್ತು, ನನಗೆ ಅದೇ ಬೇಕಿತ್ತು.

ಧಾರವಾಡದಲ್ಲಿ ನಮ್ಮದು ಅರ್ಜಿ ಟೈಪ್ ಮಾಡಿಕೊಡುವ ಸಣ್ಣ ಅಂಗಡಿ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ನಾನು ಝೆರಾಕ್ಸ್ ನೋಡಿಕೊಳ್ಳುತ್ತೇನೆ. ಟೈಪಿಂಗ್ ಎಲ್ಲ ಅಕ್ಕನದು. ಅವಳು ಟೈಪ್‌ರೈಟರ್ ಬಡಿಯುತ್ತಿದ್ದ ಕಾಲದಲ್ಲಿ ಆ ಟಕಟಕ ಕೇಳಿಯೇ ದಾರಿಯಲ್ಲಿ ಹೋಗುವವರು ಒಳಗೆ ಬರುತ್ತಿದ್ದರು. ಸಪ್ಪಳ ನಿಂತರೆ ಗಿರಾಕಿಗಳೂ ನಿಲ್ಲುತ್ತಾರೆಂದು ನಂಬಿ, ಕಂಪ್ಯೂಟರ್ ಬಂದ ಮೇಲೂ ಗಟ್ಟಿ ಕೀಲಿಗಳ ಎತ್ತರದ ಕೀಬೋರ್ಡನ್ನೇ ತರುತ್ತಿದ್ದೆ.

ಕಳೆದ ವಾರ ಅದು ಕೆಟ್ಟಿತು. ಅಕ್ಕನೊಂದಿಗೆ ಹುಬ್ಬಳ್ಳಿಯ ಕೇಶ್ವಾಪುರದ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿ, "ಸಪ್ಪಳ ಜೋರ್ ಇರೋದು ಕೊಡ್ರಿ" ಎಂದೆ.

ಅಂಗಡಿಯವರು ನಕ್ಕರು. "ಬಡಿಯೋರು ನೀವೋ, ಅಕ್ಕಾರೋ?"

ಒಂದೊಂದೇ ಕೀಬೋರ್ಡ್ ಜೋಡಿಸಿ ಅಕ್ಕನ ಮುಂದಿಟ್ಟರು. ಮೂರನೆಯದು ತೆಳ್ಳಗಿತ್ತು. ಅಕ್ಕ ಮಣಿಕಟ್ಟು ಊರಿ, ಕಣ್ಣು ಮುಚ್ಚಿ, ಇಡೀ ಅರ್ಜಿಯೊಂದನ್ನು ಟೈಪ್ ಮಾಡಿದಳು. ಒಂದಿಷ್ಟೂ ಸಪ್ಪಳವಿಲ್ಲ.

"ತಮ್ಮಾ, ಇದನ್ನ ಒತ್ತೋದ ಬ್ಯಾಡೋ, ಮುಟ್ಟಿದ್ರ ಸಾಕು" ಎಂದಳು. ಎರಡು ಜಡೆ ಹಾಕಿಕೊಂಡು ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದ ದಿನಗಳ ಮುಖವೇ ಅದು.

ಅದನ್ನೇ ಕೊಂಡು ಹೊರಗೆ ಬಂದು ಅವಳ ಕೈ ಹಿಡಿದು ನೋಡಿದೆ. ಬೆರಳ ಗೆಣ್ಣುಗಳು ಊದಿಕೊಂಡಿದ್ದವು. "ತಪ್ಪಾತು ಅಕ್ಕಾ. ನಾ ಬರೇ ಅಂಗಡಿ ನೋಡಿದ್ನಿ, ನಿನ್ನ ಕೈ ನೋಡಲಿಲ್ಲ" ಎಂದೆ.