ಎಬ್ಬಿಸಿ, ಹೇಳಿ ಹೋಗಿ

ದಸರೆ ಮುಗಿದರೆ ಬೀಡ್ ಜಿಲ್ಲೆಯ ನಮ್ಮ ಪುಟ್ಟ ಹಳ್ಳಿಯಿಂದ ಕಬ್ಬು ಕಡಿಯುವವರ ಟ್ರ್ಯಾಕ್ಟರುಗಳು ದೂರದ ಗದ್ದೆಗಳಿಗೆ ಹೊರಡುತ್ತಿದ್ದವು. ಮಕ್ಕಳು ಅತ್ತು ರಂಪ ಮಾಡಬಾರದೆಂದು, ಅವರು ಮಲಗಿರುವಾಗಲೇ ತಾಯಿತಂದೆ ಹತ್ತಿ ಹೋಗಿಬಿಡುವುದು ಊರಿನ ರೂಢಿ. ಹೀಗೆ ಊರಲ್ಲಿ ಉಳಿದ ಮಕ್ಕಳನ್ನು ಸುಗ್ಗಿ ಮುಗಿಯುವವರೆಗೆ ತನ್ನ ಮನೆಯಲ್ಲಿಟ್ಟುಕೊಂಡು ಸಾಕುತ್ತಿದ್ದ ಗಯಾಬಾಯಿ ಮಾತ್ರ ಅದನ್ನು ಒಪ್ಪುತ್ತಿರಲಿಲ್ಲ.

“ಎಬ್ಬಿಸಿ, ಹೇಳಿ ಹೋಗಿ. ಅಳಲಿ ಬಿಡಿ, ಅತ್ತರೆ ಕಣ್ಣೇನು ಕರಗಲ್ಲ,” ಎನ್ನುತ್ತಿದ್ದಳು.

ಛಾಯಾ ಆಕೆಯ ಮನೆಗೆ ಬಂದಾಗ ಹದಿಮೂರು ವರ್ಷದವಳು. ಸಾಕಿದ ಅಜ್ಜಿ ತೀರಿಕೊಂಡಿದ್ದಳು. ತಾಯಿತಂದೆ ಎಂದಿನಂತೆ ಹೇಳದೆ ಹೋಗಿದ್ದರು. ನಾನು ಪಾಠ ಮಾಡುತ್ತಿದ್ದ ತರಗತಿಯಲ್ಲಿ ಅವಳ ಕಣ್ಣು ಸದಾ ಬಾಗಿಲ ಮೇಲೆ. ಪಕ್ಕದ ಸುರೇಖಾ ಮೈ ತಾಗಿಸಿದರೆ ಸಾಕು, ಜಡೆ ಹಿಡಿದು ಎಳೆಯುತ್ತಿದ್ದಳು. ದೂರು ಕಬ್ಬಿನ ಗದ್ದೆಯವರೆಗೂ ಹೋಯಿತು.

“ಸಂಕ್ರಾಂತಿವರೆಗೆ ನೋಡ್ತೀನಿ ಗಯಾಬಾಯಿ,” ಎಂದ ತಂದೆ ಫೋನಿನಲ್ಲಿ. “ಸರಿಹೋಗದಿದ್ರೆ ಇಲ್ಲಿಗೇ ಕರೆಸ್ಕೊಳ್ತೀನಿ, ಕುಡುಗೋಲು ಹಿಡೀಲಿ.”

ಅಂದರೆ ಓದು ಅಲ್ಲಿಗೆ ಮುಗಿದಂತೆ.

ಗಯಾಬಾಯಿ ಬುದ್ಧಿವಾದ ಹೇಳಲಿಲ್ಲ. ಹಿಟ್ಟಿನ ಗಿರಣಿಗೆ ಹೋದರೂ ಛಾಯಾಗೆ ಹೇಳಿ ಹೋಗುತ್ತಿದ್ದಳು. ಹೇಳಿದ ಹೊತ್ತಿಗೆ ಬರುತ್ತಿದ್ದಳು.

“ನನಗ್ಯಾಕೆ ಹೇಳ್ತೀ ಆಜಿ? ನಾನೇನು ತೊಟ್ಟಿಲ ಕೂಸಾ?”

“ಕೂಸಲ್ಲ, ಯಜಮಾನಿ. ಯಜಮಾನಿಗೆ ಹೇಳದೆ ಹೊಸ್ತಿಲು ದಾಟೋಕಾಗತ್ತಾ?”

ಒಮ್ಮೆ ಛಾಯಾ ತಟ್ಟೆಯನ್ನು ಅಂಗಳಕ್ಕೆಸೆದು, “ನೀನೇನು ನನ್ನವಳಲ್ಲ!” ಎಂದು ಕೂಗಿದಳು.

“ಕೂಗು ಮಗಳೇ. ಗಂಟಲು ಒಣಗಿದ ಮೇಲೆ ಒಳಗೆ ಬಾ, ಕಡಲೆಹಿಟ್ಟಿನ ಪಿಠಲೆ ಬಿಸಿ ಇದೆ,” ಎಂದು ಆಕೆ ಇನ್ನೊಂದು ಜೋಳದ ಭಾಕರಿ ತಟ್ಟತೊಡಗಿದಳು.

ಹುಡುಗಿ ಒಳಗೆ ಬಂದಳು. ಬರಬರುತ್ತ ತರಗತಿಯಲ್ಲೂ ಅವಳ ಕಣ್ಣು ಬಾಗಿಲು ಬಿಟ್ಟು ಹಲಗೆಯತ್ತ ತಿರುಗಿತು. ಜಡೆ ಎಳೆಯುವ ಕೈಗಳನ್ನು ನಾನು ಕಬಡ್ಡಿಗೆ ಹಚ್ಚಿದೆ. ಅದೇ ಸುರೇಖಾಳ ಕೈ ಹಿಡಿದು ಎದುರಾಳಿಯನ್ನು ಕಟ್ಟಿಹಾಕುವುದನ್ನು ಕಲಿತಳು. ಸಂಕ್ರಾಂತಿಗೆ ಮೊದಲೇ ತಾಲ್ಲೂಕಿನ ತಂಡಕ್ಕೆ ಆಯ್ಕೆಯಾದಳು.

“ಗುರೂಜಿ, ಆ ಕಾಡುಬೆಕ್ಕನ್ನ ಪರವೂರಿಗೆ ಒಯ್ತೀರಾ? ದಾರಿಯಲ್ಲೇ ಓಡಿಬರ್ತಾಳೆ,” ಎಂದು ಊರವರು ನಕ್ಕರು.

ಪಂದ್ಯಕ್ಕೆ ಹೊರಡುವ ಬೆಳಗ್ಗೆ ಗಯಾಬಾಯಿ ಜ್ವರದಿಂದ ಕಂಬಳಿ ಹೊದ್ದು ಮಲಗಿದ್ದಳು. “ಪಾಪ, ಎಬ್ಬಿಸಬೇಡ,” ಎಂದೆ. ಛಾಯಾ ನನ್ನನ್ನು ದುರುಗುಟ್ಟಿ ನೋಡಿ, ಆಕೆಯ ಭುಜ ಅಲುಗಿಸಿದಳು.

“ಆಜಿ, ಏಳು. ನಾನು ಹೊರಟೆ. ಭಾನುವಾರ ಸಂಜೆ ಬರ್ತೀನಿ. ಅಳಬೇಡ.”

“ಅಳ್ತೀನಿ. ನಿನಗೇನು?” ಎಂದು ಗಯಾಬಾಯಿ ನಕ್ಕಳು.

ತಂಡ ಸೋತಿತು. ಛಾಯಾ ಭಾನುವಾರ ಸಂಜೆ ಬಂದಳು.

ಸಂಕ್ರಾಂತಿಯ ದಿನ ತಂದೆಯ ಫೋನ್ ಬಂದಾಗ ಅವಳೇ ಎತ್ತಿಕೊಂಡಳು.

“ನಾನು ಇಲ್ಲೇ ಓದ್ತೀನಿ ಬಾಬಾ. ಗುರೂಜಿಯನ್ನೇ ಕೇಳು, ಈಗ ಯಾರ ಜಡೇನೂ ಎಳೆಯಲ್ಲ. ಮತ್ತೆ, ಮುಂದಿನ ವರ್ಷ ಹೊರಡುವಾಗ ನನ್ನ ಎಬ್ಬಿಸು.”

“ಆಯ್ತು ಮಗಳೇ, ಓದು,” ಎಂದ ತಂದೆ. “ಎಬ್ಬಿಸಿದ್ರೆ ಅಳ್ತೀಯಲ್ಲ?” ಎಂದು ಕೇಳಿದ.

“ಅಳ್ತೀನಿ. ಎಬ್ಬಿಸು.”