ಮೂರು ಸಲ ಬಂದ್ ಐತಿ

ಲೋಕಲ್ ರೈಲು ವಿಕ್ರೋಳಿ ದಾಟಿ ಸುಮ್ಮನೆ ನಿಂತುಬಿಡಬಹುದಿತ್ತು. ಕುರ್ಲಾದಲ್ಲಿ ಗಾಡಿ ಬದಲಿಸುವ ನೂಕುನುಗ್ಗಲಿಗೆ ಮಗಳ ಚಾರ್ಟ್ ಹರಿಯಬಹುದಿತ್ತು. ಕ್ಲಾಸಿನೆದುರು ನಿಂತಾಗ ಅವಳಿಗೆ ಹೇಳಬೇಕಾದ್ದೇ ಮರೆತುಹೋಗಬಹುದಿತ್ತು. ಹಿಂದಿನ ಬೆಂಚಿನವರು ಕಿಸಕ್ಕೆಂದು ನಗಬಹುದಿತ್ತು. ಟೀಚರ್, ಹಾಗಾದರೆ ನಿನ್ನ ರಕ್ತ ಯಾರದು ಎಂದು ಕೇಳಿಬಿಡಬಹುದಿತ್ತು. ಅವಳು ಅಳಬಹುದಿತ್ತು. ಅಳದೆ ನುಂಗಿಕೊಂಡರೆ ಅದು ಇನ್ನೂ ಕೆಟ್ಟದ್ದು.

ಮುಲುಂಡಿನಿಂದ ಚೆಂಬೂರು ತಲುಪುವಷ್ಟರಲ್ಲಿ ನಾನು ಇಷ್ಟನ್ನೂ ಅನುಭವಿಸಿ ಮುಗಿಸಿದ್ದೆ.

ಮಗಳದು ಹನ್ನೆರಡನೇ ಕ್ಲಾಸು. ಸೈಕಾಲಜಿಯ ಪ್ರಾಜೆಕ್ಟಿಗೆ ಮನೆಯ ಒಂದು ಅಭ್ಯಾಸವನ್ನು ಆರಿಸಿ, ಅದು ಕಲಿತದ್ದೋ ರಕ್ತದಲ್ಲಿ ಬಂದದ್ದೋ ಎಂದು ಎಲ್ಲರೆದುರು ಹೇಳಬೇಕು. ತಂದೆತಾಯಿ ಹಿಂದೆ ಕೂತು ಕೇಳಬಹುದು. ಅವಳು ನಮ್ಮ ದತ್ತು ಮಗಳು. ಅದು ಅವಳಿಗೆ ಐದನೇ ವಯಸ್ಸಿನಿಂದಲೂ ಗೊತ್ತು. ಕಾಲೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಹೆದರೋರು ನೀವೊಬ್ರ, ಅಕಿ ಅಲ್ಲ," ಎಂದಿದ್ದಳು ಹೆಂಡತಿ.

ಫೋರ್ಟಿನ ಆಫೀಸಿಗೆ ಹೋಗುವಾಗ ಲೋಕಲಿನಲ್ಲಿ ಒಂದು ವಾರ ಅವಳ ಪಠ್ಯಪುಸ್ತಕವನ್ನೇ ಓದಿದೆ. ಒಂದು ಪಂಥ ಹೇಳುತ್ತದೆ: ಮಾಡಿದ್ದಕ್ಕೆ ಫಲ ಸಿಕ್ಕರೆ ಮನುಷ್ಯ ಮತ್ತೆ ಮಾಡುತ್ತಾನೆ, ಅದೇ ಅಭ್ಯಾಸ. ಇನ್ನೊಂದು ಹೇಳುತ್ತದೆ: ವಂಶವಾಹಿ ನೋಡು, ಮೆದುಳಿನ ರಸಾಯನ ನೋಡು. ನನ್ನ ಮಟ್ಟಿಗೆ ಎರಡೂ ಸರಿ ಕಂಡವು. ಕಲಿತದ್ದಾದರೆ ಕಲಿಸಿದವನು ನಾನು, ರಕ್ತದ್ದಾದರೆ ಅದನ್ನು ಕೊಡದವನು ನಾನು; ಎರಡೂ ಕಡೆ ತಪ್ಪಿತಸ್ಥ ನಾನೇ.

ಅವಳು ಆರಿಸಿದ್ದು ಯಾವ ಅಭ್ಯಾಸ ಎಂಬುದು ಅಲ್ಲಿ ಕೂತ ಮೇಲೆಯೇ ತಿಳಿಯಿತು. ಧಾರವಾಡದಲ್ಲಿ ನನ್ನ ಅವ್ವ ಮನೆ ಬಿಡುವ ಮುಂಚೆ ಗ್ಯಾಸಿನ ನಾಬ್ ಮುಟ್ಟಿ ಮೂರು ಸಲ "ಬಂದ್ ಐತಿ" ಎನ್ನುತ್ತಿದ್ದಳು. ನಾನೂ ಅನ್ನುತ್ತೇನೆ. ಕನ್ನಡವನ್ನು ತಡವರಿಸುತ್ತಲೇ ಆಡುವ ಮಗಳು ಆ ಎರಡು ಶಬ್ದಗಳನ್ನು ಮಾತ್ರ ಅವ್ವನ ರಾಗದಲ್ಲೇ ಅನ್ನುತ್ತಾಳೆ. ಕ್ಲಾಸಿನಲ್ಲೂ ಮೇಜನ್ನೇ ಒಲೆ ಮಾಡಿಕೊಂಡು ಅಂದು ತೋರಿಸಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಆಮೇಲೆ ಇಂಗ್ಲಿಷಿನಲ್ಲಿ, ನೀರು ಕುಡಿದಷ್ಟು ಸಲೀಸಾಗಿ ಹೇಳಿದಳು: ಅಜ್ಜಿಗೂ ಅಪ್ಪನಿಗೂ ರಕ್ತಸಂಬಂಧವಿದೆ, ನನಗೆ ಅವರೊಡನೆ ಇಲ್ಲ, ನಾನು ದತ್ತು ಬಂದವಳು. ನಾಬ್ ಮುಟ್ಟಿದ ಕೂಡಲೇ ಅಪ್ಪನ ಮುಖದಿಂದ ಭಯ ಇಳಿದುಹೋಗುವುದನ್ನು ದಿನಾ ನೋಡುತ್ತ ಬೆಳೆದೆ. ಹಾಗೆ ಭಯ ಇಳಿಯುವುದೇ ಇದರ ಬಹುಮಾನ, ಆದ್ದರಿಂದ ಇದು ಕಲಿತದ್ದು.

ಯಾರೂ ಕಿಸಕ್ಕೆನ್ನಲಿಲ್ಲ. ಟೀಚರ್ ಕೇಳಿದ್ದು ಒಂದೇ: ಹಾಗಾದರೆ ರಕ್ತಕ್ಕೆ ಪಾತ್ರವೇ ಇಲ್ಲವೇ? ಮಗಳು ಅದಕ್ಕೂ ಉತ್ತರಿಸಿದಳು: ಬೇಗ ಹೆದರುವ ನನ್ನ ಸ್ವಭಾವ ನಾನು ಕಾಣದ ಯಾರಿಂದಲೋ ಬಂದಿರಬಹುದು, ಇಲ್ಲವೆನ್ನಲು ನನ್ನ ಬಳಿ ಪುರಾವೆಯಿಲ್ಲ. ಆದರೆ ಈ ರಾಗ ನಮ್ಮ ಮನೆಯದೇ.

ನಮ್ಮ ಮನೆ. ಹೆಂಡತಿ ನನ್ನ ಕೈಗೆ ಕರವಸ್ತ್ರ ಕೊಟ್ಟಳು. ಅಳುವವರ ಪಟ್ಟಿಯಲ್ಲಿ ನಾನು ನನ್ನನ್ನು ಸೇರಿಸಿರಲೇ ಇಲ್ಲ.

ವಾಪಸು ಬರುವಾಗ ಮೂವರಿಗೂ ಸೀಟು ಸಿಕ್ಕಿತು. ಚಾರ್ಟ್ ಹರಿಯಲಿಲ್ಲ, ಲೋಕಲ್ ನಡುದಾರಿಯಲ್ಲಿ ನಿಲ್ಲಲಿಲ್ಲ. ಮನೆಗೆ ಬಂದು ಹೆಂಡತಿ ಚಹಾಕ್ಕೆಂದು ಅಡುಗೆಮನೆಗೆ ಹೋದವಳು, ಒಲೆಯ ಮೇಲಿದ್ದ ಪಾತ್ರೆ ಹಿಡಿದು ಬಾಗಿಲಿಗೆ ಬಂದು ನಿಂತಳು. ಬೆಳಗ್ಗೆ ಕಾಯಲಿಕ್ಕೆ ಇಟ್ಟ ಹಾಲು. ಹೊರಡುವ ಗಡಿಬಿಡಿಯಲ್ಲಿ ಅಪ್ಪ ಮಗಳು ಒಬ್ಬರಾದ ಮೇಲೊಬ್ಬರು ನಾಬ್ ಮುಟ್ಟಿದ್ದೆವು, ಮೂರು ಮೂರು ಸಲ ಅಂದಿದ್ದೆವು.

"ಕಾಯೂಕಿಂತ ಮೊದಲ ಬಂದ್ ಮಾಡಿದ್ದು ಯಾರು?" ಎಂದಳು.

ಹಾಲು ಒಡೆದಿತ್ತು.