ಸಬೀಕಾ ತಿರುಗಿಸಿದ ಗುಂಡಿ

ಮರಳುನಾಡಿನ ನಮ್ಮ ಮುಹರ್ರಕ್ ಊರಿನ ಓಣಿಯಲ್ಲಿ ಸಬೀಕಾಳಷ್ಟು ಕಡಿಮೆ ಮಾತಿನ ಹೆಂಗಸು ಇನ್ನೊಬ್ಬಳಿಲ್ಲ. ಗಂಡ ತೀರಿಕೊಂಡ ಮೇಲೂ ತವರಿಗೆ ಹೋಗದೆ ಅತ್ತೆ ಲುಲ್ವಾಳ ಜೊತೆಗೇ ಉಳಿದಳು. ಅತ್ತೆಗೆ ಸಕ್ಕರೆ ಕಾಯಿಲೆ. ಪಾದ ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ. ಸ್ನಾನ, ಊಟ ಎಲ್ಲಕ್ಕೂ ಸಬೀಕಾಳೇ. ಯಾರು ಏನಂದರೂ ನುಂಗಿಕೊಳ್ಳುವ ಅವಳನ್ನು ಕಂಡು ಪಕ್ಕದ ಮನೆಯವಳಾದ ನನಗೆ ಎಷ್ಟೋ ಸಲ ರೇಗಿದೆ.

ಲುಲ್ವಾಳ ಮಗಳು ಹೆಸ್ಸಾ ಇರುವುದು ಊರಾಚೆಯ ಹೊಸ ಬಡಾವಣೆಯಲ್ಲಿ. ತಾಯಿಯನ್ನು ಕರೆದೊಯ್ಯಬೇಕೆಂದು ಅವಳಿಗೆ ಬಹಳ ಆಸೆ. ಮುದುಕಿ ಸೊಸೆಯನ್ನು ಬಿಟ್ಟು ಬರಲೊಲ್ಲಳು. ಕೊನೆಗೆ ಹೆಸ್ಸಾ ಚಳಿಗಾಲದಲ್ಲಿ ಬಂದು, ಬಿಸಿನೀರು ತಣ್ಣೀರು ತಾನೇ ಬೆರೆಸುವ ವಾಲ್ವೊಂದನ್ನು ಬಚ್ಚಲುಮನೆಗೆ ಹಾಕಿಸಿಕೊಟ್ಟಳು. ಅದಕ್ಕೊಂದು ಗುಂಡಿ. ಎಡಕ್ಕೆ ತಿರುಗಿಸಿದರೆ ಬಿಸಿ, ಬಲಕ್ಕೆ ತಂಪು.

"ಇನ್ನು ಕೈ ಅದ್ದಿ ನೋಡೋ ಗೋಳು ಬೇಡ ಸಬೀಕಾ. ಎಲ್ಲ ಅದೇ ನೋಡ್ಕೊಳ್ಳುತ್ತೆ," ಅಂದಳು.

ಬೇಸಿಗೆಯಲ್ಲಿ ನಮ್ಮಲ್ಲಿ ಎಲ್ಲ ತಲೆಕೆಳಗು. ಮಹಡಿ ಮೇಲಿನ ಟ್ಯಾಂಕು ಕಾದು ತಣ್ಣೀರಿನ ನಲ್ಲಿಯಲ್ಲೇ ಸುಡುನೀರು ಬರುತ್ತದೆ. ಗೀಸರ್ ಆರಿಸಿಬಿಡುತ್ತೇವೆ; ಅದು ಮನೆಯೊಳಗಿರುವುದರಿಂದ ಅದರಲ್ಲಿ ನಿಂತ ನೀರೇ ತಂಪು. ಸಬೀಕಾಳೂ ಆರಿಸಿದ್ದಳು. ಒಂದು ದಿನ ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ ಬೆನ್ನಿಗೆ ನೀರು ಬಿಟ್ಟಳು.

"ಯಾಕೋ ಬಿಸಿಯಾಯ್ತು ಕಣೇ."

"ತಂಪು ಮಾಡ್ತೀನಿ ಯುಮ್ಮಾ." ಅತ್ತೆಯನ್ನು ಅವಳು ಹಾಗೆ ಅಮ್ಮ ಎಂದೇ ಕರೆಯುತ್ತಿದ್ದುದು.

ಗುಂಡಿಯನ್ನು ಬಲಕ್ಕೆ ಪೂರ್ತಿ ತಿರುಗಿಸಿದಳು. ತಂಪಿನ ಕಡೆಯೆಂದರೆ ಈಗ ಮಹಡಿಯ ಟ್ಯಾಂಕಿನ ಕಡೆ ಎಂಬುದು ಹೊಳೆಯಲೇ ಇಲ್ಲ. ಹಳೆಯ ನಲ್ಲಿಯಾಗಿದ್ದರೆ ಕೈ ಅದ್ದಿ ನೋಡದೆ ಬಿಡುತ್ತಿರಲಿಲ್ಲ. ಅತ್ತೆಯ ಪಾದಗಳಿದ್ದ ಟಬ್ಬಿಗೆ ನೀರು ಬಿಟ್ಟು ಟವೆಲ್ ಹುಡುಕಲು ಹೋದಳು. ಬರುವಷ್ಟರಲ್ಲಿ ಪಾದಗಳು ಬೆಂದು ಕೆಂಪಾಗಿದ್ದವು. ಮುದುಕಿ ಏನೂ ತಿಳಿಯದೆ ಕೂದಲ ಸಿಕ್ಕು ಬಿಡಿಸಿಕೊಳ್ಳುತ್ತಿದ್ದಳು. ಇದನ್ನು ಸಬೀಕಾಳೇ ನನಗೆ ಹೇಳಿದ್ದು.

ಆಸ್ಪತ್ರೆಗೆ ಓಡಿ ಬಂದ ಹೆಸ್ಸಾ ಕೇಳಿದ ಮೊದಲ ಮಾತು, "ಅದನ್ನ ತಿರುಗಿಸಿದ್ದು ಯಾರು?"

"ನಾನೇ," ಅಂದಳು ಲುಲ್ವಾ. "ಇವಳು ಅಡುಗೆಮನೇಲಿದ್ಲು."

ಸೊಸೆಯನ್ನು ಉಳಿಸಲು ಆಡಿದ ಸುಳ್ಳು. ಸಬೀಕಾ ಹೆದರಿ ಸುಮ್ಮನಾದಳು. ಆದರೆ ಹೆಸ್ಸಾಗೆ ಅಷ್ಟೇ ಸಾಕಾಯಿತು.

"ಬಿಸಿ ಯಾವುದು ತಂಪು ಯಾವುದು ಅಂತಾನೇ ತಿಳೀತಿಲ್ಲ. ಅಮ್ಮನಿಗೆ ಅರಳುಮರಳು. ಇನ್ನು ನಮ್ಮನೇಲೇ ಇರಲಿ," ಎಂದು ತೀರ್ಮಾನಿಸಿದಳು. ಮುದುಕಿ ಬರುವುದಿಲ್ಲವೆಂದು ಹಟ ಹಿಡಿದಳು, ಅತ್ತಳು. ಅರಳುಮರಳಾದವರ ಮಾತನ್ನು ಯಾರು ಕೇಳುತ್ತಾರೆ?

ಕರೆದೊಯ್ಯುವ ದಿನ ಸಬೀಕಾ ಕಾರಿನ ಬಾಗಿಲು ಹಿಡಿದು ನಿಂತಳು. ನಾನು ಅಲ್ಲೇ ಇದ್ದೆ.

"ತಿರುಗಿಸಿದ್ದು ನಾನು ಹೆಸ್ಸಾ. ಯುಮ್ಮಾನ ಬುದ್ಧಿ ನೆಟ್ಟಗಿದೆ."

ಹೆಸ್ಸಾಳ ಕಣ್ಣು ತುಂಬಿ ಬಂತು. "ಅಮ್ಮನ ಮಾನ ಉಳಿಸೋಕೆ ತಪ್ಪನ್ನ ನಿನ್ನ ಮೈಮೇಲೆ ಹಾಕ್ಕೊಳ್ತೀಯಲ್ಲ. ನಿನ್ನಂಥ ಸೊಸೆ ಯಾರಿಗೆ ಸಿಗ್ತಾಳೆ," ಎಂದು ಅವಳ ಕೆನ್ನೆಗೆ ಮುತ್ತಿಟ್ಟು, ಬಾಗಿಲು ಹಿಡಿದಿದ್ದ ಬೆರಳುಗಳನ್ನು ಮೆಲ್ಲಗೆ ಬಿಡಿಸಿದಳು.